ಫ್ಯಾನ್ ಆರಿಸುವ ಮುನ್ನ: ವಿಪರೀತ ಸೆಕೆಯಲ್ಲಿ ಫ್ಯಾನ್, ಒದ್ದೆ ಬಟ್ಟೆ, ಕೂಲರ್, ಎಸಿ

ಎಷ್ಟು ಡಿಗ್ರಿ ದಾಟಿದರೆ ಫ್ಯಾನ್ ನಿಲ್ಲಿಸಬೇಕು ಎಂದು ಮೂರು ಕಡೆ ವಿಚಾರಿಸಿದರೆ ಮೂರು ಉತ್ತರ ಸಿಗುತ್ತದೆ. ಮನೆಯೊಳಗೆ 32 ಡಿಗ್ರಿ ಮೀರಿದರೆ ಫ್ಯಾನ್ ಬೇಡ, ಮೈ ಇನ್ನಷ್ಟು ಕಾಯಬಹುದು ಎನ್ನುತ್ತದೆ ಅಮೆರಿಕದ ರೋಗ ನಿಯಂತ್ರಣ ಕೇಂದ್ರ. ಬ್ರಿಟನ್ನಿನ ಆರೋಗ್ಯ ಭದ್ರತಾ ಸಂಸ್ಥೆ 35ರ ತನಕ ಸರಿ ಎನ್ನುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಗೆರೆ ಎಳೆದಿರುವುದು 40ರಲ್ಲಿ. 32ಕ್ಕೂ 40ಕ್ಕೂ ನಡುವೆ ಎಂಟು ಡಿಗ್ರಿ. ಬಿಸಿ ಪ್ರದೇಶಗಳಲ್ಲಿ ಬೇಸಿಗೆಯ ಬಹುಪಾಲು ಆ ಎಂಟು ಡಿಗ್ರಿಯೊಳಗೇ ಕಳೆದುಹೋಗುತ್ತದೆ. ಹಾಗಾಗಿ ಯಾರ ಮಾತು ಕೇಳಬೇಕು ಎನ್ನುವುದು ಸಣ್ಣ ಪ್ರಶ್ನೆಯಲ್ಲ.

ಕನ್ನಡದಲ್ಲಿ ಇನ್ನೊಂದು ತಮಾಷೆಯ ತೊಡಕಿದೆ. ಆರಿಸುವುದು ಎಂದರೆ ಆಯ್ದುಕೊಳ್ಳುವುದು. ದೀಪ ಆರಿಸುವುದು, ಫ್ಯಾನ್ ಆರಿಸುವುದು ಎಂದರೆ ನಿಲ್ಲಿಸುವುದು. ಬಟ್ಟೆ ಆರಿಸುವುದು ಎಂದರೆ ಒಣಗಿಸುವುದು. ಮೂರೂ ಇಲ್ಲಿ ಬೇಕಾಗುತ್ತವೆ, ಯಾಕೆಂದರೆ ಫ್ಯಾನ್ ಮಾಡುವ ಕೆಲಸ ಆ ಮೂರನೆಯದು: ಮೈಮೇಲಿನ ಬೆವರನ್ನು ಆರಿಸುವುದು. ಅದು ಗಾಳಿಯನ್ನು ತಣ್ಣಗೆ ಮಾಡುವುದಿಲ್ಲ. ಖಾಲಿ ಕೋಣೆಯಲ್ಲಿ ತಿರುಗುತ್ತಿರುವ ಫ್ಯಾನ್, ಮೋಟಾರಿನ ಬಿಸಿಯನ್ನು ಸೇರಿಸಿ ಕೋಣೆಯನ್ನು ಕೊಂಚ ಕಾಯಿಸುತ್ತದೆ, ಅಷ್ಟೇ. "ಬರುವಷ್ಟರಲ್ಲಿ ತಣ್ಣಗಿರಲಿ" ಎಂದು ಫ್ಯಾನ್ ಹಾಕಿಟ್ಟು ಹೋಗುವವರು ಕರೆಂಟು ದಂಡ ಮಾಡುತ್ತಿದ್ದಾರೆ.

ಎರಡು ಬಾಗಿಲು

ಸುಮ್ಮನೆ ಕೂತ ದೊಡ್ಡವರ ಮೈ ಹೆಚ್ಚು ಕಡಿಮೆ 100 ವ್ಯಾಟ್ ಶಾಖ ಹುಟ್ಟಿಸುತ್ತಿರುತ್ತದೆ, ಹಳೆಯ ಕಾಲದ ತಂತಿ ಬಲ್ಬಿನಷ್ಟು. ಅದು ಹೊರಗೆ ಹೋಗುತ್ತಲೇ ಇರಬೇಕು. ಹೋಗಲು ಮುಖ್ಯವಾಗಿ ಎರಡು ಬಾಗಿಲು. ಒಂದು, ಚರ್ಮದಿಂದ ನೇರವಾಗಿ ಗಾಳಿಗೆ. ಸೆಕೆಯಲ್ಲಿ ಚರ್ಮ ಸುಮಾರು 35 ಡಿಗ್ರಿಯಲ್ಲಿರುತ್ತದೆ, ಗಾಳಿ 28 ಇದ್ದರೆ ಶಾಖ ತಾನಾಗಿ ಹೊರಗೆ ಹರಿಯುತ್ತದೆ. ಗಾಳಿಯೂ 35 ಆದಾಗ ಈ ಬಾಗಿಲು ಮುಚ್ಚಿದಂತೆ. 42 ಆದರೆ ಅದೇ ಬಾಗಿಲಿಂದ ಶಾಖ ಒಳಗೆ ನುಗ್ಗುತ್ತದೆ.

ಇನ್ನೊಂದು ಬಾಗಿಲು ಬೆವರು. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 670 ವ್ಯಾಟ್-ಗಂಟೆ ಶಾಖವನ್ನು ಹೊತ್ತೊಯ್ಯುತ್ತದೆ. ಸುಮ್ಮನೆ ಕೂತ ಮೈ ಆರೇಳು ಗಂಟೆಯಲ್ಲಿ ಹುಟ್ಟಿಸುವಷ್ಟು ಅದು. ಆವಿಯಾದರೆ ಮಾತ್ರ ಎನ್ನುವುದನ್ನು ಗಮನಿಸಿ. ಗಲ್ಲದಿಂದ ಅಂಗಿಯ ಮೇಲೆ ತೊಟ್ಟಿಕ್ಕಿದ ಬೆವರಿನಿಂದ ನೀರು ನಷ್ಟವಾಯಿತು, ತಂಪು ಸಿಗಲಿಲ್ಲ.

ಫ್ಯಾನ್ ಎರಡೂ ಬಾಗಿಲನ್ನು ಒಟ್ಟಿಗೇ ಅಗಲ ಮಾಡುತ್ತದೆ. 30 ಡಿಗ್ರಿಯಲ್ಲಿ ಎರಡೂ ಕಡೆ ಲಾಭ, ಆದ್ದರಿಂದ ಯಾರೂ ಲೆಕ್ಕ ಹಾಕುವುದಿಲ್ಲ. 42ರಲ್ಲಿ ಲೆಕ್ಕ ಹಾಕಲೇಬೇಕು. ಸ್ತಬ್ಧ ಗಾಳಿಯಲ್ಲಿ ಕೂತವರ ಮೈಗೆ ಗಾಳಿಯಿಂದ ಸುಮಾರು 40 ವ್ಯಾಟ್ ಶಾಖ ಬಂದು ಸೇರುತ್ತಿದ್ದರೆ, ಜೋರಾಗಿ ಬೀಸುವ ಫ್ಯಾನ್ ಮುಂದೆ ಅದು 130ರ ಆಸುಪಾಸಿಗೆ ಏರುತ್ತದೆ. ಮೈಯದೇ 100 ಸೇರಿಸಿ. ಇಷ್ಟನ್ನು ಹೊರಹಾಕಲು ಗಂಟೆಗೆ ಸುಮಾರು 350 ಮಿಲಿಲೀಟರ್ ಬೆವರು ಆವಿಯಾಗಬೇಕು. ಗಟ್ಟಿಮುಟ್ಟಾದ ಇಪ್ಪತ್ತೈದರ ಹುಡುಗನಿಗೆ ಇದೇನೂ ದೊಡ್ಡದಲ್ಲ, ಅವನ ಮೈ ಗಂಟೆಗೆ ಲೀಟರ್ ಬೆವರಬಲ್ಲದು. ಎಪ್ಪತ್ತು ದಾಟಿದವರ ಬೆವರು ಗ್ರಂಥಿಗಳು ಅಷ್ಟು ಚುರುಕಾಗಿ ಕೆಲಸ ಮಾಡುವುದಿಲ್ಲ. ಅದೇ ಕೋಣೆ, ಅದೇ ಫ್ಯಾನ್, ಒಬ್ಬರಿಗೆ ಹಾಯ್ ಅನಿಸುತ್ತದೆ, ಪಕ್ಕದಲ್ಲಿ ಕೂತವರ ಮೈ ನಿಧಾನವಾಗಿ ಬೇಯುತ್ತಿರುತ್ತದೆ. ಮೂರು ಸಂಸ್ಥೆಗಳ ಮೂರು ಅಂಕಿಗಳಿಗೆ ಒಂದು ಕಾರಣ ಇದೇ: ಯಾರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದರು ಎನ್ನುವುದರ ಮೇಲೆ ಗೆರೆ ಹಿಂದೆ ಮುಂದೆ ಸರಿಯುತ್ತದೆ.

ಇನ್ನೊಂದು ಕಾರಣ, ಬಹುಕಾಲ ಗಟ್ಟಿ ಪುರಾವೆಯೇ ಇರಲಿಲ್ಲ. 2012ರಲ್ಲಿ, ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕೊಕ್ರೇನ್ ತಂಡ ಜಗತ್ತಿನ ಅಧ್ಯಯನಗಳನ್ನೆಲ್ಲ ಜಾಲಾಡಿದಾಗ, ಬಿಸಿಗಾಳಿಯ ದಿನಗಳಲ್ಲಿ ಫ್ಯಾನ್ ಉಪಕಾರಿಯೋ ಅಪಾಯಕಾರಿಯೋ ಎಂದು ಸರಿಯಾದ ಕ್ರಮದಲ್ಲಿ ಪರೀಕ್ಷಿಸಿದ ಒಂದು ಪ್ರಯೋಗವೂ ಸಿಕ್ಕಿರಲಿಲ್ಲ. ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ನೆತ್ತಿಯ ಮೇಲೆ ತಿರುಗುತ್ತಿರುವ ವಸ್ತುವಿನ ಕತೆ ಇದು.

ಒಣ ಸೆಕೆ, ಜಿಗುಟು ಸೆಕೆ

ಆಮೇಲೆ ಪ್ರಯೋಗಗಳು ಬಂದವು, ಮುಖ್ಯವಾಗಿ ಸಿಡ್ನಿ ವಿಶ್ವವಿದ್ಯಾಲಯದ ಆಲಿ ಜೇ ಅವರ ತಂಡದಿಂದ. 2019ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಆರೋಗ್ಯವಂತ ಗಂಡಸರನ್ನು ಎರಡು ಬಗೆಯ ಕೋಣೆಯಲ್ಲಿ ಎರಡೆರಡು ಗಂಟೆ ಕೂರಿಸಿದರು. ಒಂದರಲ್ಲಿ 40 ಡಿಗ್ರಿ, ಶೇ. 50 ತೇವಾಂಶ. ಇನ್ನೊಂದರಲ್ಲಿ 47 ಡಿಗ್ರಿ, ಶೇ. 10 ತೇವಾಂಶ, ಅಂದರೆ ಬಟ್ಟೆ ಹಾಕಿದ ತಕ್ಷಣ ಒಣಗಿಬಿಡುವಂಥ ಗಾಳಿ. ಮೊದಲ ಕೋಣೆಯಲ್ಲಿ ಫ್ಯಾನಿನಿಂದ ಮೈಯೊಳಗಿನ ತಾಪವೂ ಹೃದಯದ ಮೇಲಿನ ಹೊರೆಯೂ ಇಳಿಯಿತು. ಎರಡನೆಯದರಲ್ಲಿ ಎರಡೂ ಏರಿದವು.

ಇದರ ಸ್ವಾರಸ್ಯ ಇರುವುದು ಇಲ್ಲಿ. ಫೋನಿನಲ್ಲಿ "ಅನುಭವಕ್ಕೆ ಬರುವ ತಾಪ" ಎಂದು ತೋರಿಸುವ ಲೆಕ್ಕದಲ್ಲಿ ನೋಡಿದರೆ ಮೊದಲ ಕೋಣೆಯೇ ಹೆಚ್ಚು ಭಯಂಕರ: ಅದರ ಸೂಚ್ಯಂಕ 56, ಎರಡನೆಯದಕ್ಕೆ 46. ಸೂಚ್ಯಂಕ ಹೆಚ್ಚಿದ್ದ ಕಡೆ ಫ್ಯಾನ್ ಕಾಪಾಡಿತು, ಕಡಿಮೆ ಇದ್ದ ಕಡೆ ಕೈಕೊಟ್ಟಿತು. ಹೊರಗೆ ದುಡಿಯಲು ಹೋಗಬೇಕೆ ಬೇಡವೆ ಎಂದು ತೀರ್ಮಾನಿಸಲು ಆ ಸೂಚ್ಯಂಕ ಬೇಕು. ಫ್ಯಾನ್ ಹಾಕಬೇಕೆ ಎನ್ನುವುದಕ್ಕೆ ಮಾತ್ರ ಅದನ್ನು ನೋಡಬೇಡಿ.

ಯಾಕೆ ಹೀಗೆ? ಜಿಗುಟು ಸೆಕೆಯಲ್ಲಿ ಬೆವರು ಬೇಕಾದಷ್ಟಿದೆ, ಆವಿಯಾಗಲು ಜಾಗವಿಲ್ಲ. ಮೈಗೆ ಅಂಟಿಕೊಂಡ ತೇವದ ಪದರವನ್ನು ಫ್ಯಾನ್ ಸರಿಸಿ ಹೊಸ ಗಾಳಿ ತರುತ್ತದೆ, ನಿಂತಿದ್ದ ಬೆವರು ಆರುತ್ತದೆ. ಒಣ ಸೆಕೆಯಲ್ಲಿ ಬೆವರು ಬಂದಂತೆಲ್ಲ ತಾನೇ ಆರಿಹೋಗುತ್ತಿರುತ್ತದೆ, ಫ್ಯಾನಿನ ನೆರವು ಅದಕ್ಕೆ ಬೇಡ. ಆರಿಸಲು ಏನೂ ಇಲ್ಲದ ಮೈಮೇಲೆ ಫ್ಯಾನ್ ತಂದು ಸುರಿಯುವುದು ಬರೀ ಬಿಸಿಯನ್ನು.

ಮೀಟರ್ ಇಲ್ಲದವರು ಒಣ ಸೆಕೆಯನ್ನು ಗುರುತಿಸುವುದು ಕಷ್ಟವಲ್ಲ. ಬೆವರು ಕಾಣುವುದೇ ಇಲ್ಲ, ಅಂಗಿಯ ಬೆನ್ನಿನಲ್ಲಿ ಉಪ್ಪಿನ ಬಿಳಿ ಗೆರೆ ಮಾತ್ರ ಉಳಿಯುತ್ತದೆ, ತುಟಿ ಒಡೆಯುತ್ತದೆ, ಹಿಂಡಿ ಹರವಿದ ಟವೆಲು ಗಂಟೆಯೊಳಗೆ ಗರಿಗರಿಯಾಗುತ್ತದೆ. ಜಿಗುಟು ಸೆಕೆಯಲ್ಲಿ ಕತ್ತಿನ ಹಿಂದೆ ಕೈಯಾಡಿಸಿದರೆ ಸಾಕು.

ಹಾಗಾದರೆ ಗೆರೆ ಎಲ್ಲಿ

ಇದೇ ಸಿಡ್ನಿ ತಂಡ 2021ರಲ್ಲಿ ಲೆಕ್ಕಾಚಾರದಿಂದ ಮೂರು ಅಂಕಿ ಕೊಟ್ಟಿತು. ಆರೋಗ್ಯವಂತ ಯುವಕರಿಗೆ 39 ಡಿಗ್ರಿ. 65 ದಾಟಿದ ಆರೋಗ್ಯವಂತರಿಗೆ 38. ಬೆವರನ್ನು ತಡೆಯುವ ಕೆಲವು ಬಗೆಯ ಔಷಧ ತೆಗೆದುಕೊಳ್ಳುವ ಹಿರಿಯರಿಗೆ 37. ತೇವಾಂಶ ಎಷ್ಟೇ ಇರಲಿ, ಕೋಣೆಯ ತಾಪ ಇದಕ್ಕಿಂತ ಕೆಳಗಿದ್ದರೆ ಫ್ಯಾನ್ ಹಾಕಬಹುದು ಎನ್ನುವುದು ಅವರ ವಾದ. ಸರಳವಾಗಿದೆ, ನೆನಪಿಡಲು ಸುಲಭ, ನನಗೂ ಒಪ್ಪಿಗೆ, ಅರ್ಧದಷ್ಟು.

ಉಳಿದ ಅರ್ಧ ಯಾಕಿಲ್ಲ ಎಂದರೆ, ಕೆನಡಾದ ಒಟ್ಟಾವ ವಿಶ್ವವಿದ್ಯಾಲಯದವರು ಹಿರಿಯರನ್ನು ಎರಡು ಗಂಟೆಯ ಬದಲು ಇಡೀ ಎಂಟು ಗಂಟೆ 36 ಡಿಗ್ರಿ, ಶೇ. 45 ತೇವಾಂಶದ ಕೋಣೆಯಲ್ಲಿ ಇಟ್ಟು ನೋಡಿದರು. ಫ್ಯಾನ್ ಬೀಸಿದರೂ ಮೈಯೊಳಗಿನ ತಾಪ ಏರಿದ ಮಟ್ಟದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ಫ್ಯಾನ್ ಇದ್ದಾಗ ಅವರಿಗೆ ಹಿತವೆನಿಸಿತ್ತು. ಇದು ನನ್ನನ್ನು ಕಾಡುವ ಫಲಿತಾಂಶ. ಫ್ಯಾನ್ ಅವರಿಗೆ ಕೆಡುಕು ಮಾಡಲಿಲ್ಲ, ಉಳಿಸಲೂ ಇಲ್ಲ, ಉಳಿಸುತ್ತಿದೆ ಎಂಬ ಭಾವನೆಯನ್ನು ಮಾತ್ರ ಕೊಟ್ಟಿತು. ವಯಸ್ಸಾದಂತೆ ಬಾಯಾರಿಕೆ, ಸೆಕೆ ಎರಡರ ಅರಿವೂ ಮಂಕಾಗುತ್ತದೆ. "ನನಗೇನೂ ಆಗಿಲ್ಲ, ಫ್ಯಾನ್ ಇದೆಯಲ್ಲ" ಎನ್ನುವ ಹಿರಿಯರ ಮಾತನ್ನು ಹಾಗೇ ನಂಬುವಂತಿಲ್ಲ.

ನಾನು ಇಟ್ಟುಕೊಂಡಿರುವ ಲೆಕ್ಕ ಹೀಗಿದೆ. 35ರ ಕೆಳಗೆ ಯೋಚನೆಯೇ ಬೇಡ, ಎಲ್ಲರಿಗೂ ಫ್ಯಾನ್. ಅಮೆರಿಕದವರ 32ರ ಗೆರೆ ನನಗೆ ಅತಿ ಎಚ್ಚರಿಕೆ ಅನಿಸುತ್ತದೆ: ಬೇರೆ ಅನುಕೂಲವಿಲ್ಲದವರು ಅದನ್ನು ಪಾಲಿಸಿದರೆ ಬೆವರಿನಲ್ಲಿ ತೊಯ್ದು ಕೂರಬೇಕು, ಅದರಿಂದ ಲಾಭವಿಲ್ಲ. 35ರಿಂದ 38ರವರೆಗೆ ಗಟ್ಟಿಮುಟ್ಟಾದವರಿಗೆ ಫ್ಯಾನ್ ಸಾಕು. ಹಿರಿಯರಿಗೆ, ಹೃದಯದ ತೊಂದರೆ ಇರುವವರಿಗೆ ಫ್ಯಾನ್ ಇರಲಿ, ಆದರೆ ಒದ್ದೆ ಮೈಯೊಂದಿಗೆ ಇರಲಿ. 38 ದಾಟಿದ ಮೇಲೆ ಫ್ಯಾನ್ ಒಂದನ್ನೇ ನೆಚ್ಚಿಕೊಳ್ಳುವಂತಿಲ್ಲ. 40 ದಾಟಿ ಗಾಳಿ ಒಣಗಿದ್ದರೆ ಒಣ ಮೈಗೆ ಫ್ಯಾನ್ ಬೇಡವೇ ಬೇಡ.

ಈ ಅಂಕಿಗಳೆಲ್ಲ ಕೋಣೆಯವು, ಹವಾಮಾನ ವರದಿಯವಲ್ಲ. ಹೊರಗೆ 41 ಇರುವ ಮಧ್ಯಾಹ್ನ ದಪ್ಪ ಗೋಡೆಯ ಮನೆಯೊಳಗೆ 34 ಇರಬಹುದು. ಅದೇ ದಿನ ರಾತ್ರಿ ಹತ್ತಕ್ಕೆ ಹೊರಗೆ ತಂಪಾಗಿ, ಕಾಂಕ್ರೀಟ್ ತಾರಸಿಯ ಕೆಳಗಿನ ಕೋಣೆ ಹೊರಗಿಗಿಂತ ಬಿಸಿಯಾಗಿರಬಹುದು. ತಾಪ, ತೇವಾಂಶ ಎರಡನ್ನೂ ತೋರಿಸುವ ಪುಟ್ಟ ಮೀಟರನ್ನು ಮಂಚದ ಎತ್ತರದಲ್ಲಿ, ಬಿಸಿಲು ಬೀಳುವ ಗೋಡೆಯಿಂದ ದೂರ ಇಡಿ. ಈ ಬರಹದಲ್ಲಿ ಒಂದೇ ಒಂದು ವಸ್ತು ಕೊಳ್ಳಿ ಎಂದು ಹೇಳುವುದಾದರೆ ನಾನು ಹೇಳುವುದು ಅದನ್ನೇ.

ಫ್ಯಾನ್ ಜೊತೆ ಒದ್ದೆ ಮೈ, ಫ್ಯಾನ್ ಇಲ್ಲದೆ ಒದ್ದೆ ಮೈ

ಹಿರಿಯರ ಕೊರತೆ ಬೆವರಿನದು ಎಂದಾದರೆ, ಬೆವರನ್ನು ಹೊರಗಿನಿಂದ ಕೊಡಬಹುದಲ್ಲ? ಬಟ್ಟೆ ಅದ್ದಿ ಹಿಂಡಿ ಮುಖ, ಕತ್ತು, ತೋಳು, ಕಾಲು ಒರೆಸುವುದು, ಸ್ಪ್ರೇ ಬಾಟಲಿಯಲ್ಲಿ ನೀರು ಚಿಮುಕಿಸುವುದು, ತೆಳು ಹತ್ತಿ ಅಂಗಿಯನ್ನೇ ಒದ್ದೆ ಮಾಡಿ ತೊಡುವುದು. ನೀರು ತಣ್ಣಗಿರಬೇಕೆಂದಿಲ್ಲ, ನಲ್ಲಿಯ ನೀರು ಸಾಕು, ಯಾಕೆಂದರೆ ಕೆಲಸ ಮಾಡುವುದು ನೀರಿನ ತಂಪಲ್ಲ, ಅದು ಆವಿಯಾಗುವಾಗ ಹೊತ್ತೊಯ್ಯುವ ಶಾಖ. ಬೇರೆಲ್ಲದಕ್ಕಿಂತ ಅಗ್ಗದ ಈ ಉಪಾಯಕ್ಕೆ ಎಲ್ಲಕ್ಕಿಂತ ಕಡಿಮೆ ಮರ್ಯಾದೆ ಸಿಕ್ಕಿದೆ.

ಹಿರಿಯರ ಮೇಲೆ ನಡೆದ ಇತ್ತೀಚಿನ ಪ್ರಯೋಗವೊಂದರಲ್ಲಿ 38 ಡಿಗ್ರಿ, ಶೇ. 60 ತೇವಾಂಶದ ಕೋಣೆಯಲ್ಲಿ ಫ್ಯಾನ್ ಹೃದಯದ ಹೊರೆಯನ್ನು ಇಳಿಸಿತು, ಮೈ ಒದ್ದೆ ಮಾಡಿ ಫ್ಯಾನ್ ಹಾಕಿದಾಗ ಇನ್ನೂ ಇಳಿಯಿತು. 45 ಡಿಗ್ರಿಯ ಒಣ ಕೋಣೆಯಲ್ಲಿ ಫ್ಯಾನ್ ಹೊರೆಯನ್ನು ಏರಿಸಿತು, ಫ್ಯಾನ್ ಇಲ್ಲದೆ ಬರೀ ಒದ್ದೆ ಮಾಡಿದ ಮೈ ಇಳಿಸಿತು.

ಈ ಎರಡನೆಯದು ವಿಚಿತ್ರವಾಗಿ ಕಾಣಬಹುದು. ಒದ್ದೆ ಮೈಗೆ ಫ್ಯಾನ್ ಒಳ್ಳೆಯದೇ ಅಲ್ಲವೆ? ಒದ್ದೆ ಇರುವಷ್ಟು ಹೊತ್ತು ಹೌದು. ಅಂಥ ಒಣ ಗಾಳಿಯಲ್ಲಿ ಫ್ಯಾನ್ ಹಾಕಿದರೆ ಮೈಮೇಲಿನ ತೆಳು ನೀರು ಕೆಲವೇ ನಿಮಿಷದಲ್ಲಿ ಹಾರಿಹೋಗುತ್ತದೆ, ಆಮೇಲೆ ಬಿಸಿಗಾಳಿ ಬಡಿಯುವುದು ಒಣ ಚರ್ಮಕ್ಕೆ. ಪಕ್ಕದಲ್ಲಿ ಕೂತು ಎಡೆಬಿಡದೆ ನೀರು ಹಚ್ಚುವವರು ಇದ್ದರೆ ಸರಿ. ಒಬ್ಬರೇ ಮಲಗಿ ನಿದ್ದೆ ಹೋದರೆ ಸರಿಯಲ್ಲ. ಅದಕ್ಕೇ 40 ದಾಟಿದ ಒಣ ಮಧ್ಯಾಹ್ನ ಒಬ್ಬರೇ ಇರುವವರಿಗೆ ನಾನು ಹೇಳುವುದು: ಫ್ಯಾನ್ ನಿಲ್ಲಿಸಿ, ಒದ್ದೆ ಅಂಗಿ ತೊಟ್ಟುಕೊಳ್ಳಿ, ಕಾಲನ್ನು ಬಕೆಟ್ ನೀರಿನಲ್ಲಿ ಇಡಿ.

ಕೂಲರ್

ಕೂಲರ್ ಎಂದರೆ ಮೈಗೆ ಬದಲು ಹುಲ್ಲಿನ ಚಾಪೆಯನ್ನೋ ಜೇನುಗೂಡಿನಂಥ ಪ್ಯಾಡನ್ನೋ ಒದ್ದೆ ಮಾಡಿ, ಅದರ ಮೂಲಕ ಗಾಳಿ ಎಳೆಯುವ ಫ್ಯಾನ್. ಹಾಗಾಗಿ ಫ್ಯಾನ್ ಸೋಲುವಲ್ಲಿ ಕೂಲರ್ ಗೆಲ್ಲುತ್ತದೆ, ಫ್ಯಾನ್ ಗೆಲ್ಲುವಲ್ಲಿ ಸೋಲುತ್ತದೆ. 42 ಡಿಗ್ರಿ, ಶೇ. 20 ತೇವಾಂಶದ ಗಾಳಿ ಒದ್ದೆಯಾಗುತ್ತ ಹೋದರೆ ಸೈದ್ಧಾಂತಿಕವಾಗಿ 24 ಡಿಗ್ರಿಯ ತನಕ ಇಳಿಯಬಲ್ಲದು. ಸಾಧಾರಣ ಕೂಲರ್ ಅದನ್ನು 29–30ಕ್ಕೆ ತಂದು ಬಿಡುತ್ತದೆ. ಹನ್ನೆರಡು ಡಿಗ್ರಿಯ ಇಳಿತ, ಅದೂ ಒಂದೆರಡು ನೂರು ವ್ಯಾಟಿನೊಳಗೆ. ಅದೇ ಕೂಲರನ್ನು 34 ಡಿಗ್ರಿ, ಶೇ. 75 ತೇವಾಂಶದ ಕೋಣೆಗೆ ಇಟ್ಟರೆ ಮೂರು ಡಿಗ್ರಿ ಇಳಿಸಲು ಏದುಸಿರು ಬಿಡುತ್ತದೆ, ಬದಲಿಗೆ ಕೋಣೆಯನ್ನು ತೇವದಿಂದ ತುಂಬಿ ಬೆವರು ಆರದಂತೆ ಮಾಡುತ್ತದೆ. ಅಲ್ಲಿ ಬರೀ ಫ್ಯಾನೇ ವಾಸಿ.

ಕಿಟಕಿ ಮುಚ್ಚಿ ಕೂಲರ್ ಹಾಕುವುದು ಎಲ್ಲರೂ ಮಾಡುವ ತಪ್ಪು. ತಂಪು ಹೊರಗೆ ಹೋಗದಿರಲಿ ಎಂಬ ಆಸೆ ಸಹಜ, ಆದರೆ ತೇವ ತುಂಬಿದ ಗಾಳಿ ಹೊರಗೆ ಹೋಗಲೇಬೇಕು. ಇಲ್ಲದಿದ್ದರೆ ಅರ್ಧ ಗಂಟೆಯಲ್ಲಿ ಒಣ ಸೆಕೆ ಜಿಗುಟು ಸೆಕೆಯಾಗಿ, ಒಗೆದು ಸರಿಯಾಗಿ ಆರದ ಬಟ್ಟೆಯ ವಾಸನೆ ಬರತೊಡಗುತ್ತದೆ. ಕೂಲರ್ ಕಿಟಕಿಯ ಹತ್ತಿರ ಹೊರಗಿನ ಗಾಳಿ ಎಳೆಯಲಿ, ಎದುರಿನ ಕಿಟಕಿ ಸ್ವಲ್ಪ ತೆರೆದಿರಲಿ. ಎಸಿ ಜೊತೆ ಕೂಲರ್ ಹಾಕಬೇಡಿ: ಒಂದು ತೇವ ತುಂಬುತ್ತದೆ, ಇನ್ನೊಂದು ಅದನ್ನು ಹಿಂಡಲು ಒದ್ದಾಡುತ್ತದೆ. ತಗಡಿನ ಕೂಲರಿಗೆ ಅರ್ಥಿಂಗ್ ಸರಿಯಿದೆಯೇ ನೋಡಿಸಿ, ನೀರು ತುಂಬುವಾಗ ಪ್ಲಗ್ ಕಿತ್ತಿಡಿ. ಸೆಕೆಗಿಂತ ಮೊದಲು ಶಾಕ್ ಕೊಲ್ಲಬಾರದು.

ನೀರಿನ ಹನಿ ಚಿಮ್ಮುವ ಮಿಸ್ಟ್ ಫ್ಯಾನಿಗೂ ಇದೇ ನಿಯಮ. ಬಯಲಿನಲ್ಲಿ, ಒಣ ಗಾಳಿಯಲ್ಲಿ ಸೊಗಸು. ಮುಚ್ಚಿದ ಕೋಣೆಯಲ್ಲಿ ಬೇಡ.

ಫ್ಯಾನ್ ಮುಂದೆ ಐಸ್ ಬಟ್ಟಲು

ಪ್ರತಿ ಬೇಸಿಗೆಯಲ್ಲೂ ಈ ವಿಡಿಯೊ ಸುತ್ತುತ್ತದೆ. ಒಂದು ಕಿಲೊ ಐಸ್ ಕರಗುವಾಗ ಹೀರುವ ಶಾಖ ಸುಮಾರು 93 ವ್ಯಾಟ್-ಗಂಟೆ. ಒಂದು ಟನ್ನಿನ ಎಸಿ ಸುಮಾರು 3500 ವ್ಯಾಟ್ ಶಾಖ ಎಳೆಯುತ್ತದೆ, ಅಂದರೆ ಬಟ್ಟಲಿನ ಐಸಿನ ಇಡೀ ಸಾಮರ್ಥ್ಯ ಎಸಿಯ ಎರಡು ನಿಮಿಷದ ಕೆಲಸಕ್ಕೂ ಸಮವಲ್ಲ. ಎಸಿಯ "ಟನ್" ಎಂಬ ಮಾತು ಹುಟ್ಟಿದ್ದೇ ಐಸಿನಿಂದ: ಒಂದು ಟನ್ ಐಸ್ ಒಂದು ದಿನದಲ್ಲಿ ಕರಗಿ ಕೊಡುವ ತಂಪು. ಕಿಲೊ ಎಲ್ಲಿ, ಟನ್ ಎಲ್ಲಿ. ಸಾಲದ್ದಕ್ಕೆ ಆ ಐಸ್ ಮಾಡಲು ನಿಮ್ಮ ಫ್ರಿಜ್ ಅದಕ್ಕಿಂತ ಹೆಚ್ಚು ಶಾಖವನ್ನು ಅದೇ ಮನೆಯೊಳಗೆ ಸುರಿದಿದೆ. ಐಸ್ ಇದ್ದರೆ ಬಟ್ಟೆಯಲ್ಲಿ ಸುತ್ತಿ ಕತ್ತಿಗೆ, ಕಂಕುಳಿಗೆ ಇಟ್ಟುಕೊಳ್ಳಿ. ಕೋಣೆಗೆ ಸಾಲದ ತಂಪು ಮೈಗೆ ಸಾಕಾಗುತ್ತದೆ.

ಎಸಿ, ಮತ್ತು ಎಸಿ ಇಲ್ಲದವರು

ಈ ಪಟ್ಟಿಯಲ್ಲಿ ತಾಪ, ತೇವ ಎರಡನ್ನೂ ಇಳಿಸುವುದು ಎಸಿ ಒಂದೇ. 1995ರ ಜುಲೈನಲ್ಲಿ ಷಿಕಾಗೊ ನಗರದಲ್ಲಿ ಬಿಸಿಗಾಳಿಗೆ 700ಕ್ಕೂ ಹೆಚ್ಚು ಜನ ಸತ್ತಾಗ, ಸತ್ತವರನ್ನೂ ಉಳಿದವರನ್ನೂ ಹೋಲಿಸಿ ನೋಡಿದ ಅಧ್ಯಯನದಲ್ಲಿ ಮನೆಯಲ್ಲಿ ಎಸಿ ಇದ್ದವರಿಗೆ ಗಟ್ಟಿ ರಕ್ಷಣೆ ಕಂಡಿತು, ಫ್ಯಾನ್ ಇದ್ದವರಿಗೆ ಕಾಣಲಿಲ್ಲ. ಫ್ಯಾನ್ ಕೊಂದಿತು ಎಂದು ಇದರ ಅರ್ಥವಲ್ಲ. ಒಂಟಿಯಾಗಿ, ಬಿಸಿಯಾದ ಕಟ್ಟಡದ ಮೇಲಿನ ಮಹಡಿಯಲ್ಲಿ, ಕಿಟಕಿ ಮುಚ್ಚಿ ಮಲಗಿದ್ದ ವೃದ್ಧರಿಗೆ ಫ್ಯಾನ್ ಸುತ್ತಿ ಸುತ್ತಿ ಕೊಟ್ಟದ್ದು ಅದೇ ಒಲೆಯ ಗಾಳಿಯನ್ನು. 2021ರ ಬೇಸಿಗೆಯಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯದಲ್ಲಿ ಸೆಕೆಗೆ ಸತ್ತವರು 619 ಜನ, ಅವರಲ್ಲಿ ಶೇ. 98ರಷ್ಟು ಮಂದಿ ಬಿಸಿಲಿನಲ್ಲಲ್ಲ, ಮನೆಯೊಳಗೇ ಕುಸಿದವರು. ಬಿಸಿಲಿಗೆ ಹೋಗದಿದ್ದರೆ ಸಾಕು ಎನ್ನುವ ನಮ್ಮ ಧೈರ್ಯ ಎಷ್ಟು ಟೊಳ್ಳು ಎನ್ನುವುದಕ್ಕೆ ಈ ಅಂಕಿ ಸಾಕು.

ಎಸಿ ಇದ್ದವರೂ ಅದನ್ನು 20ಕ್ಕೆ ಇಟ್ಟು ಹೊದ್ದು ಮಲಗಬೇಕಿಲ್ಲ. 27ಕ್ಕೆ ಇಟ್ಟು ಫ್ಯಾನ್ ಹಾಕಿ. 27ರ ಗಾಳಿ ಚರ್ಮಕ್ಕಿಂತ ತಣ್ಣಗಿದೆ, ಫ್ಯಾನಿಗೆ ಎರಡೂ ಬಾಗಿಲು ತೆರೆದಿವೆ. ಸೀಲಿಂಗ್ ಫ್ಯಾನ್ ತಿನ್ನುವುದು 70 ವ್ಯಾಟ್, ಕಡಿಮೆ ಕರೆಂಟು ತಿನ್ನುವ ಬಿಎಲ್‌ಡಿಸಿ ಬಗೆಯ ಮೋಟಾರಿನದಾದರೆ 30ರ ಆಸುಪಾಸು. ಎಸಿ ತಿನ್ನುವುದು ಸಾವಿರದ ಲೆಕ್ಕದಲ್ಲಿ. ಅತಿ ಸೆಕೆಯ ದಿನ ಇಡೀ ಮನೆಗೆ ಬೇಡ, ಒಂದೇ ಕೋಣೆ ತಂಪು ಮಾಡಿ ಎಲ್ಲರೂ ಅಲ್ಲಿ ಮಲಗಿದರೂ ಆಯಿತು.

ಎಸಿ ಇಲ್ಲದವರಿಗೆ, ಮತ್ತು ಕೋಣೆ 38 ದಾಟಿದೆ ಎನ್ನುವವರಿಗೆ, ಯಂತ್ರ ಕೊಳ್ಳುವುದಕ್ಕಿಂತ ಜಾಗ ಬದಲಿಸುವುದು ಮೇಲು. ಗ್ರಂಥಾಲಯ, ನೆಂಟರ ಮನೆ, ಅದೇ ಕಟ್ಟಡದ ನೆಲಮಹಡಿ, ಎಲ್ಲಾದರೂ ಸರಿ. ದಿನಕ್ಕೆ ಎರಡು ಮೂರು ಗಂಟೆ ತಂಪಿನಲ್ಲಿ ಕಳೆದರೂ ಮೈ ಸುಧಾರಿಸಿಕೊಳ್ಳುತ್ತದೆ. ರಾತ್ರಿ ಹೊರಗಿನ ಗಾಳಿ ಒಳಗಿಗಿಂತ ತಣ್ಣಗಾದ ಮೇಲೆ ಪೆಡೆಸ್ಟಲ್ ಫ್ಯಾನನ್ನು ಕಿಟಕಿಗೆ ಮುಖ ಮಾಡಿ ನಿಲ್ಲಿಸಿ, ಒಳಗಿನ ಬಿಸಿಯನ್ನು ಹೊರಗೆ ತಳ್ಳಲಿ. ಎದುರಿನ ಕಿಟಕಿಯಿಂದ ತಂಪು ತಾನೇ ಬರುತ್ತದೆ. ಬೆಳಗ್ಗೆ ಬಿಸಿಲೇರುವ ಮೊದಲು ಎಲ್ಲ ಮುಚ್ಚಿ ಪರದೆ ಎಳೆಯಿರಿ. ತಾರಸಿಯ ಕೆಳಗೇ ಇರುವ ಕೋಣೆಯಲ್ಲಿ ಸೀಲಿಂಗ್ ಫ್ಯಾನ್ ಮೇಲಿನ ಬಿಸಿಯನ್ನೇ ಕೆಳಗೆ ತರುತ್ತದೆ, ಅಲ್ಲಿ ನೆಲದ ಮಟ್ಟದ ಟೇಬಲ್ ಫ್ಯಾನ್ ಒಳ್ಳೆಯದು.

ಇವರ ವಿಷಯದಲ್ಲಿ ಬೇರೆ ಲೆಕ್ಕ

ಕೆಲವು ಔಷಧಗಳು ಬೆವರನ್ನು ತಡೆಯುತ್ತವೆ: ಪದೇ ಪದೇ ಮೂತ್ರಕ್ಕೆ ಹೋಗುವ ತೊಂದರೆಗೆ ಕೊಡುವ ಕೆಲವು ಮಾತ್ರೆಗಳು, ಖಿನ್ನತೆಗೆ ಕೊಡುವ ಕೆಲವು ಹಳೆಯ ಮಾತ್ರೆಗಳು, ನಿದ್ದೆ ತರಿಸುವಂಥ ಅಲರ್ಜಿ ಮಾತ್ರೆಗಳು, ಪಾರ್ಕಿನ್ಸನ್ ಕಾಯಿಲೆಯ ಕೆಲವು ಔಷಧಗಳು. ಮಾತ್ರೆ ನಿಲ್ಲಿಸಬೇಡಿ, ಬೇಸಿಗೆಗೆ ಮುಂಚೆ ವೈದ್ಯರನ್ನು ಕೇಳಿ, ಮತ್ತು ಫ್ಯಾನಿನ ಗೆರೆಯನ್ನು 37ಕ್ಕೆ ಇಳಿಸಿಕೊಳ್ಳಿ. ಬೆನ್ನುಹುರಿಗೆ ಪೆಟ್ಟಾದವರಿಗೆ ಪೆಟ್ಟಿನ ಕೆಳಗಿನ ಭಾಗದಲ್ಲಿ ಬೆವರು ಬರುವುದೇ ಕಷ್ಟ, ದೊಡ್ಡ ಸುಟ್ಟ ಕಲೆಯ ಮೇಲೂ ಅಷ್ಟೇ. ಇವರಿಗೆ ಹೊರಗಿನ ನೀರೇ ಬೆವರು.

ಹಾಸಿಗೆ ಹಿಡಿದವರು "ಈ ಗಾಳಿ ಬೇಡ" ಎಂದು ಹೇಳಲಾರರು, ಸರಿದು ಮಲಗಲಾರರು. ಅವರ ಮುಖಕ್ಕೆ ಫ್ಯಾನ್ ತಿರುಗಿಸಿಟ್ಟು ಬಾಗಿಲೆಳೆದುಕೊಂಡು ಹೋಗಬೇಡಿ. ಎಳೆಗೂಸಿನ ತಳ್ಳುಗಾಡಿಗೆ ನೆರಳಿಗೆಂದು ಬಟ್ಟೆ ಮುಚ್ಚಬೇಡಿ, ಒಳಗೆ ಗಾಳಿಯಾಡದೆ ಬೇಗ ಕಾಯುತ್ತದೆ. ನಾಯಿಗೆ ಫ್ಯಾನ್ ಹಾಕಿಟ್ಟು ಹೋಗುವವರಿಗೆ ಒಂದು ಮಾತು: ನಾಯಿಯ ಮೈ ಬೆವರುವುದಿಲ್ಲ, ಅಂಗಾಲು ಮಾತ್ರ ಕೊಂಚ ಬೆವರುತ್ತದೆ, ಉಳಿದದ್ದು ಏದುಸಿರಿನ ಕೆಲಸ. ಆರಿಸಲು ಬೆವರೇ ಇಲ್ಲದ ಮೈಗೆ ಫ್ಯಾನಿನಿಂದ ಸಿಗುವುದು ಕಡಿಮೆ. ಒದ್ದೆ ಚಾಪೆ ಹಾಸಿ, ನೀರಿಡಿ.

ಫ್ಯಾನ್ ಕೆಳಗೆ ಕೂತವರೆಲ್ಲರಿಗೂ ಅನ್ವಯಿಸುವುದೊಂದಿದೆ. ಬೆವರು ಬಂದಂತೆಲ್ಲ ಆರಿಹೋಗುವುದರಿಂದ ಎಷ್ಟು ನೀರು ಕಳೆದುಕೊಂಡೆವು ಎಂಬುದು ತಿಳಿಯುವುದಿಲ್ಲ. ಬಾಯಾರುವ ತನಕ ಕಾಯದೆ ಕುಡಿಯುತ್ತಿರಬೇಕು. ಹೃದಯ, ಮೂತ್ರಪಿಂಡದ ತೊಂದರೆಯಿಂದ ನೀರಿನ ಮಿತಿ ಇರುವವರು ಮಾತ್ರ ವೈದ್ಯರು ಹೇಳಿದ ಲೆಕ್ಕಕ್ಕೆ ಅಂಟಿಕೊಳ್ಳಲಿ.

ಕೊರಿಯಾದಲ್ಲಿ ಮುಚ್ಚಿದ ಕೋಣೆಯಲ್ಲಿ ಫ್ಯಾನ್ ಹಾಕಿ ಮಲಗಿದರೆ ಸಾವು ಎಂಬ ನಂಬಿಕೆ ಬಹಳ ಕಾಲದಿಂದ ಇದೆ, ಅಲ್ಲಿನ ಫ್ಯಾನ್‌ಗಳಿಗೆ ಟೈಮರ್ ಇರುವುದು ಮಾಮೂಲು. ಫ್ಯಾನ್ ಉಸಿರು ಕಟ್ಟಿಸುವುದಿಲ್ಲ, ಆಮ್ಲಜನಕ ಕುಡಿಯುವುದಿಲ್ಲ. 28 ಡಿಗ್ರಿಯ ರಾತ್ರಿ ಬೆಳಗಿನ ತನಕ ಹಾಕಿಕೊಂಡು ನಿಶ್ಚಿಂತೆಯಾಗಿ ಮಲಗಿ.

ಮೈಮೇಲೆ ಬಂದಾಗ

ಸೆಕೆಯಲ್ಲಿ ಇದ್ದವರು ತಡವರಿಸಿ ಮಾತಾಡುತ್ತಿದ್ದರೆ, ಗುರುತು ಹಿಡಿಯದಿದ್ದರೆ, ತೂರಾಡಿದರೆ, ಫಿಟ್ಸ್ ಬಂದರೆ, ಪ್ರಜ್ಞೆ ತಪ್ಪಿದರೆ ಅದು ಹೀಟ್ ಸ್ಟ್ರೋಕ್ ಎಂದೇ ಹಿಡಿಯಿರಿ. ಮೈಯೊಳಗಿನ ತಾಪ ಆಗ ಸಾಮಾನ್ಯವಾಗಿ 40 ದಾಟಿರುತ್ತದೆ. ಆಂಬುಲೆನ್ಸಿಗೆ ಕರೆ ಮಾಡಿ, ಆದರೆ ಅದು ಬರುವ ತನಕ ಕೈಕಟ್ಟಿ ನಿಲ್ಲಬೇಡಿ: ಆ ಹತ್ತಿಪ್ಪತ್ತು ನಿಮಿಷದಲ್ಲಿ ಮೈ ತಣಿಸುವುದೇ ಚಿಕಿತ್ಸೆ. ತಣ್ಣೀರಿನಲ್ಲಿ ಕತ್ತಿನ ತನಕ ಮುಳುಗಿಸಿ ತಲೆ ಹಿಡಿದುಕೊಳ್ಳಲು ಆದರೆ ಅದಕ್ಕೆ ಸಮ ಇನ್ನೊಂದಿಲ್ಲ. ಆಗದಿದ್ದರೆ ನೆರಳಿಗೆ ತಂದು, ಬಟ್ಟೆ ಸಡಿಲಿಸಿ, ಮೈಯೆಲ್ಲ ನೀರು ಹುಯ್ಯುತ್ತ ಜೋರಾಗಿ ಗಾಳಿ ಹಾಕಿ. ಇಲ್ಲಿ ಫ್ಯಾನ್ ಬೇಕೇ ಬೇಕು, ಮೈ ಒಂದು ಕ್ಷಣವೂ ಆರದಂತೆ ನೀರು ಹುಯ್ಯುವವರು ಪಕ್ಕದಲ್ಲೇ ಇದ್ದೀರಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಬಿಡಬೇಡಿ.

ಇನ್ನು ಕರೆಂಟು ಹೋದರೆ ಫ್ಯಾನ್, ಕೂಲರ್, ಎಸಿ ಮೂರೂ ಒಂದೇ ಸಲ ಕೈಬಿಡುತ್ತವೆ, ಮತ್ತು ಎಲ್ಲರೂ ಎಸಿ ಹಾಕುವ ದಿನವೇ ಕರೆಂಟು ಹೋಗುವುದು ಹೆಚ್ಚು. ಒಂದು ಬಕೆಟ್ ನೀರು, ಎರಡು ಹತ್ತಿ ಟವೆಲು, ಚಾರ್ಜು ತುಂಬಿದ ಪುಟ್ಟ ಬ್ಯಾಟರಿ ಫ್ಯಾನ್ ಮೊದಲೇ ತೆಗೆದಿಡಿ. ಬೀಸಣಿಗೆಯೂ ಆದೀತು. ತಾನೇ ಬೀಸಿಕೊಂಡರೆ ತೋಳಿನ ದುಡಿಮೆಯಿಂದ ಮೈ ಅಷ್ಟಿಷ್ಟು ಕಾಯುತ್ತದೆ, ಇನ್ನೊಬ್ಬರು ಬೀಸಿದರೆ ಆ ಲೆಕ್ಕವೂ ಇಲ್ಲ. 40 ದಾಟಿದ ಒಣ ಮಧ್ಯಾಹ್ನ ಅದಕ್ಕೂ ಫ್ಯಾನಿನ ನಿಯಮವೇ: ಮೊದಲು ಟವೆಲು, ಆಮೇಲೆ ಬೀಸಣಿಗೆ.